ಹಡಗಿನ ಫಾರ್ಮಲ್ ನೈಟ್‌ಗೆ ಏನು ಉಡಬೇಕು, ಏನು ಹೊಲಿಸಬೇಕು

ಹುಬ್ಬಳ್ಳಿಯ ದಾಜಿಬಾನ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಹೊಲಿಗೆ ಅಂಗಡಿ. ನಾನು ಬ್ಲೌಸ್, ಮಕ್ಕಳ ಬಟ್ಟೆ ಹೊಲಿಯುತ್ತೇನೆ. ನಮ್ಮ ಮನೆಯವರು ಕೋಟು, ಪ್ಯಾಂಟು ನೋಡಿಕೊಳ್ಳುತ್ತಾರೆ. ಈಚೆಗೆ ರಜೆ ಹತ್ತಿರ ಬಂದಾಗ ಹೊಸ ಥರದ ಗಿರಾಕಿಗಳು ಬರುತ್ತಿದ್ದಾರೆ. ಮಗನೋ ಮಗಳೋ ಸಿಂಗಪುರದಲ್ಲಿ, ಅಮೆರಿಕದಲ್ಲಿ ಇರುತ್ತಾರೆ. ಅಪ್ಪ ಅಮ್ಮನಿಗೆ ಅಂತ ಕ್ರೂಸ್, ಅಂದರೆ ಹಡಗಿನ ವಿಹಾರ ಪ್ರವಾಸ, ಬುಕ್ ಮಾಡಿರುತ್ತಾರೆ. ಕಂಪನಿ ಕಳಿಸಿದ ಸೂಚನೆಯಲ್ಲಿ ‘ಫಾರ್ಮಲ್ ನೈಟ್’ ಅಂತ ಇರುತ್ತದೆ, ಅಂದರೆ ಒಳ್ಳೆಯ ಬಟ್ಟೆ ಹಾಕಿ ಅಲಂಕಾರ ಮಾಡಿಕೊಂಡು ಊಟಕ್ಕೆ ಕೂಡುವ ರಾತ್ರಿ. ಅಷ್ಟಕ್ಕೇ ಮನೆಯಲ್ಲಿ ಗಾಬರಿ ಶುರು. ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಒಳಗೆ ಬಂದವರೇ, ‘ಒಂದು ಚಲೋ ಸೂಟ್ ಹೊಲಿದು ಕೊಡ್ರಿ, ಹಡಗಿನಾಗ ಊಟಕ್ಕ ಕೂಡಬೇಕಂತ’ ಅಂದರು.

ಟೇಪ್ ತೆಗೆಯುವ ಮೊದಲು ನಾನು ಕೇಳುವುದು ಯಾವ ಕಂಪನಿಯ ಹಡಗು, ಎಷ್ಟು ರಾತ್ರಿ ಅಂತ. ಆಮೇಲೆ, ಮನೆಯ ಕಪಾಟಿನಲ್ಲಿ ಏನಿದೆ ಅಂತ. ಹತ್ತರಲ್ಲಿ ಎಂಟು ಸಲ ಬೇಕಾದದ್ದು ಕಪಾಟಿನಲ್ಲೇ ಇರುತ್ತದೆ. ಗಿರಾಕಿ ಹೋದರೂ ಪರವಾಗಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೂ ತಮ್ಮನ ಕುಟುಂಬದ ಜೊತೆ ಸಿಂಗಪುರದಿಂದ ಹಡಗಿನಲ್ಲಿ ಹೋಗಿ ಬಂದಿದ್ದೇನೆ. ಅಲ್ಲಿ ಕಣ್ಣಾರೆ ನೋಡಿದ್ದನ್ನೂ, ಹೋಗಿ ಬಂದ ಗಿರಾಕಿಗಳು ಬಂದು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಕಂಪನಿಯ ವಿಷಯ. ಎಲ್ಲ ಹಡಗುಗಳಲ್ಲೂ ಒಂದೇ ನಿಯಮ ಇಲ್ಲ. ನಾರ್ವೇಜಿಯನ್ ಕ್ರೂಸ್ ಲೈನ್‌ನಲ್ಲಿ ಫಾರ್ಮಲ್ ನೈಟ್ ಅಂತ ಕಡ್ಡಾಯ ಇಲ್ಲವೇ ಇಲ್ಲ. ಅಲಂಕಾರ ಮಾಡಿಕೊಳ್ಳುವುದು ನಿಮ್ಮ ಇಷ್ಟ. ಕಾರ್ನಿವಲ್‌ನವರು ಇದನ್ನೇ ‘ಕ್ರೂಸ್ ಎಲಿಗೆಂಟ್’ ಅನ್ನುತ್ತಾರೆ, ಸೆಲೆಬ್ರಿಟಿಯವರು ‘ಈವನಿಂಗ್ ಶಿಕ್’ ಅನ್ನುತ್ತಾರೆ. ಇವೆರಡರಲ್ಲೂ ಟೈ ಕಟ್ಟಲೇಬೇಕು ಅಂತಿಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಮೂರು ನಾಲ್ಕು ರಾತ್ರಿಯ ಪ್ರವಾಸಕ್ಕೆ ಸಾಮಾನ್ಯವಾಗಿ ಒಂದು ಫಾರ್ಮಲ್ ನೈಟ್, ಏಳು ರಾತ್ರಿಗೆ ಎರಡು. ವರ್ಜಿನ್ ವಾಯೇಜಸ್‌ನಲ್ಲಿ ಡ್ರೆಸ್ ಕೋಡ್ ಇಲ್ಲ, ಆದರೆ ‘ಸ್ಕಾರ್ಲೆಟ್ ನೈಟ್’ ದಿನ ಎಲ್ಲರೂ ಕೆಂಪು ಉಡುತ್ತಾರೆ. ಆ ದಿನಕ್ಕೆ ಕೆಂಪು ಸೀರೆ ಇದ್ದವರು ಬೇರೇನೂ ಕೊಳ್ಳಬೇಕಾಗಿಲ್ಲ. ಎಲ್ಲರಿಗಿಂತ ಕಟ್ಟುನಿಟ್ಟು ಕುನಾರ್ಡ್ ಕಂಪನಿ. ಕ್ವೀನ್ ಮೇರಿ 2 ಹಡಗು ಅವರದೇ. ಅಲ್ಲಿ ಸಂಜೆ 6ರ ನಂತರ ಉಡುಪಿನ ನಿಯಮ ಶುರುವಾಗುತ್ತದೆ. ಅವರ ಫಾರ್ಮಲ್ ನೈಟ್ ಆದ ಗಾಲಾ ರಾತ್ರಿಗಳಲ್ಲಿ ಗಂಡಸರು ಡಿನ್ನರ್ ಜಾಕೆಟ್ ಅಥವಾ ಗಾಢ ಬಣ್ಣದ ಸೂಟ್ ಹಾಕಿ ಟೈ ಕಟ್ಟುತ್ತಾರೆ. ಆದರೆ ಅಲ್ಲಿಯೂ ತಮ್ಮ ತಮ್ಮ ದೇಶದ ಸಾಂಪ್ರದಾಯಿಕ ಫಾರ್ಮಲ್ ಉಡುಪು ನಡೆಯುತ್ತದೆ. ಈ ಒಂದು ಮಾತು ನಮ್ಮವರಿಗೆ ದೊಡ್ಡ ಧೈರ್ಯ.

ನನ್ನ ಅಭಿಪ್ರಾಯ ಸ್ಪಷ್ಟ. ಹೆಂಗಸರಿಗೆ ರೇಷ್ಮೆ ಸೀರೆ, ಗಂಡಸರಿಗೆ ಮುಚ್ಚಿದ ಕತ್ತಿನ ಕೋಟು, ಅಂದರೆ ಬಂದ್‌ಗಲಾ. ಇವೆರಡು ಇದ್ದರೆ ಯಾವ ಹಡಗಿನ ಯಾವ ಊಟದ ಹಾಲ್‌ಗೂ ತಲೆ ಎತ್ತಿ ಹೋಗಬಹುದು. ಸುಮ್ನೆ ಟೈ ಕಟ್ಟಿಕೊಂಡು, ಉಸಿರು ಬಿಗಿ ಹಿಡಿದು ಕುಳಿತವರನ್ನು ನೋಡಿದ್ದೇನೆ. ಊಟದ ಸುಖವೇ ಅವರಿಗೆ ಸಿಗುವುದಿಲ್ಲ. ಧಾರವಾಡದ ಹಳೆಯ ಫೋಟೊಗಳಲ್ಲಿ ನೋಡಿ, ಮಾಸ್ತರರು, ವಕೀಲರು ಎಲ್ಲ ಧೋತರದ ಮೇಲೆ ಕತ್ತು ಮುಚ್ಚಿದ ಕೋಟು ಹಾಕಿಕೊಂಡು ನಿಂತಿರುತ್ತಾರೆ. ಆ ಕೋಟು ನಮಗೇನೂ ಹೊಸದಲ್ಲ.

ಬಂದ್‌ಗಲಾ ಹೊಲಿಸುವುದಾದರೆ ಬಣ್ಣ ಕಪ್ಪು ಅಥವಾ ಗಾಢ ನೀಲಿ ಇರಲಿ. ಮದುವೆಯ ಶೇರ್ವಾನಿಯಂತೆ ಮೈತುಂಬ ಜರಿ ಬೇಡ. ಪಾಲಿಯೆಸ್ಟರ್ ಉಣ್ಣೆ ಕೂಡಿದ ಟೆರಿವುಲ್ ಬಟ್ಟೆ ಒಳ್ಳೆಯದು, ಚೀಲದಲ್ಲಿ ಮಡಚಿಟ್ಟರೂ ಸುಕ್ಕು ಬೇಗ ಹೋಗುತ್ತದೆ. 58 ಇಂಚು ಅಗಲದ ಬಟ್ಟೆ ಮೂರೂಕಾಲು ಮೀಟರ್ ಇದ್ದರೆ ಸಾಧಾರಣ ಮೈಕಟ್ಟಿನವರಿಗೆ ಕೋಟು, ಪ್ಯಾಂಟು ಎರಡೂ ಆಗುತ್ತವೆ. ಕಾಲರ್ ವಿಷಯದಲ್ಲಿ ದರ್ಜಿಗೆ ಬಾಯಿ ಬಿಟ್ಟು ಹೇಳಿ. ಗುಂಡಿ ಹಾಕಿದ ಮೇಲೆ ಒಂದು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಕುಳಿತು, ಬಗ್ಗಿ, ಚಮಚ ಎತ್ತಿದ ಹಾಗೆ ಮಾಡಿ ಟ್ರಯಲ್ ನೋಡಿ. ನಿಂತುಕೊಂಡು ಕನ್ನಡಿ ನೋಡಿದರೆ ಸಾಲದು. ಹಾಕುವುದು ಊಟಕ್ಕೆ ತಾನೇ? ಪ್ಯಾಂಟಿನ ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಡಿಸಿಕೊಳ್ಳಿ. ಮುಂದೆ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು. ಕನಿಷ್ಠ ಒಂದು ತಿಂಗಳು ಮೊದಲೇ ಕೊಡಿ. ತುಳಸಿ ಲಗ್ನ ಮುಗಿದ ಮೇಲೆ ಮದುವೆ ಸೀಸನ್ ಶುರುವಾದರೆ ಹುಬ್ಬಳ್ಳಿಯ ಯಾವ ದರ್ಜಿಯೂ ಎರಡು ಟ್ರಯಲ್‌ಗೆ ಪುರುಸೊತ್ತು ಮಾಡಿಕೊಳ್ಳುವುದಿಲ್ಲ.

ಖರ್ಚು ಬೇಡ ಅನ್ನುವವರು ಬಿಳಿ ಅಥವಾ ಕೆನೆ ಬಣ್ಣದ ಕುರ್ತಾ, ಚೂಡಿದಾರ್, ಮೇಲೊಂದು ನೆಹರೂ ಜಾಕೆಟ್ ಹಾಕಬಹುದು. ಬೆಂಗೇರಿಯ ಖಾದಿ ಕೇಂದ್ರ ನಮ್ಮ ಊರಿನ ಹೆಮ್ಮೆ, ರಾಷ್ಟ್ರಧ್ವಜ ತಯಾರಾಗುವ ಜಾಗ ಅದು. ಖಾದಿ ಜಾಕೆಟ್ ನೋಡಲು ಬಹಳ ಚೆಂದ. ಒಳಗಿನ ಕುರ್ತಾ ಮಾತ್ರ ಖಾದಿ ಬೇಡ, ಬೇಗ ಸುಕ್ಕಾಗುತ್ತದೆ, ಹಡಗಿನಲ್ಲಿ ಇಸ್ತ್ರಿಗೆ ಕಷ್ಟ. ಧೋತರ ಉಡಬಾರದು ಅಂತೇನಿಲ್ಲ. ಆದರೆ ಹಡಗಿನ ಮೆಟ್ಟಿಲು, ಡೆಕ್ ಮೇಲಿನ ಗಾಳಿ ನೆನೆಸಿಕೊಂಡರೆ ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ. ಕಾಲಿಗೆ ಮುಚ್ಚಿದ ಶೂ ಅಥವಾ ಮೋಜಡಿ. ಹವಾಯಿ ಚಪ್ಪಲಿಯಲ್ಲಿ ಊಟದ ಹಾಲ್‌ಗೆ ಹೋಗಬೇಡಿ.

ಈಗ ಸೀರೆ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮ ಹೆಂಗಸರು ಇರುವ ಒಳ್ಳೆಯದನ್ನು ಬಿಟ್ಟು ಗೌನ್ ಹುಡುಕಲು ಹೋಗುತ್ತಾರೆ. ಇಳಕಲ್ ಸೀರೆಗಿಂತ ಚೆಂದದ ಫಾರ್ಮಲ್ ಉಡುಪು ಯಾವುದಿದೆ ಹೇಳಿ? ಗಾಢ ಬಣ್ಣದ ಒಡಲು, ಕೆಂಪು ರೇಷ್ಮೆಯ ಸೆರಗಿನ ಮೇಲೆ ಬಿಳಿಯ ಟೋಪ್ ತೆನಿ ವಿನ್ಯಾಸ. ಹಾಲ್‌ನ ಹಳದಿ ದೀಪದಲ್ಲಿ ಆ ಸೆರಗು ದೂರದಿಂದಲೇ ಕಾಣುತ್ತದೆ. ನಮ್ಮ ಮೇಜಿನ ಪಕ್ಕ ಕುಳಿತ ಆಸ್ಟ್ರೇಲಿಯಾದ ಹೆಂಗಸು ನನ್ನ ಸೆರಗು ಹಿಡಿದು, ಇದು ಕೈಯಲ್ಲಿ ನೇಯ್ದದ್ದಾ ಅಂತ ಕೇಳಿದರು. ಒಡಲಿನ ಹಾಸು ದಾರಗಳಿಗೆ ಸೆರಗಿನ ಹಾಸು ದಾರಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ ಅಂತ ನನಗೆ ಬಂದ ಇಂಗ್ಲಿಷ್‌ನಲ್ಲೇ ವಿವರಿಸಿದೆ. ಪೂರ್ತಿ ಹತ್ತಿಯ ಇಳಕಲ್ ಹಗಲಿಗೆ ಸರಿ. ಫಾರ್ಮಲ್ ರಾತ್ರಿಗೆ ರೇಷ್ಮೆ ಒಡಲಿನದು ಅಥವಾ ರೇಷ್ಮೆ ಹತ್ತಿ ಕೂಡಿದ್ದು ತೆಗೆದುಕೊಳ್ಳಿ. ಗದಗ ಕಡೆಯವರಿಗೆ ಬೆಟಗೇರಿ ನೇಕಾರರ ಸೀರೆ ಮನೆಯಲ್ಲೇ ಇರುತ್ತದೆ, ಅದೂ ನಡೆಯುತ್ತದೆ. ಕಸೂತಿ ಸೀರೆ ಇದ್ದವರು ಖಂಡಿತ ಒಯ್ಯಿರಿ. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದಲ್ಲ, ಸೆರಗು ಗಾಳಿಗೆ ತಿರುಗಿದರೂ ಅಂದ ಕೆಡುವುದಿಲ್ಲ.

ಬ್ಲೌಸ್‌ಗೆ ಗುಳೇದಗುಡ್ಡದ ಖಣ ಸಾಕು. ತೋಳು ಮೊಣಕೈವರೆಗೆ ಇರಲಿ. ಊಟದ ಹಾಲ್‌ನಲ್ಲಿ ಎಸಿ ಜೋರು, ಎರಡು ತಾಸು ಕುಳಿತರೆ ಮೈ ನಡುಗುತ್ತದೆ. ಒಂದು ಶಾಲು ಕೈಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಸೀರೆಯನ್ನು ನೆಲದಿಂದ ಅರ್ಧ ಇಂಚು ಮೇಲೆ ಉಡಿ, ಪೆಟಿಕೋಟ್ ಅದಕ್ಕಿಂತ ಒಂದು ಇಂಚು ಗಿಡ್ಡ ಇರಲಿ. ಹಡಗು ಸ್ವಲ್ಪ ಓಲಾಡಿದಾಗ ಕಾಲಿಗೆ ಬಟ್ಟೆ ಸಿಗಬಾರದು. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡವೇ ಬೇಡ. ನಿರಿಗೆಗೆ ಒಂದು ಪಿನ್, ಭುಜಕ್ಕೆ ಒಂದು ಪಿನ್ ಸಾಕು.

ಪೆಟಿಕೋಟ್‌ಗೆ ಒಂದು ಜೇಬು ಹೊಲಿಸಿಕೊಳ್ಳಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಹಡಗು ಹತ್ತಿದಾಗ ಒಂದು ಕಾರ್ಡ್ ಕೊಡುತ್ತಾರೆ. ಕೋಣೆಯ ಬಾಗಿಲು ತೆಗೆಯಲು ಅದೇ, ಏನಾದರೂ ಕೊಂಡರೆ ಲೆಕ್ಕಕ್ಕೆ ಅದೇ, ಬಂದರಿನಲ್ಲಿ ಇಳಿದು ಹತ್ತಲು ಅದೇ. ಸೀರೆಯಲ್ಲಿ ಜೇಬು ಎಲ್ಲಿದೆ? ಪರ್ಸನ್ನು ಮೇಜಿನ ಮೇಲೆ ಇಟ್ಟು ಮರೆಯುತ್ತಾರೆ. ಬಲಗಡೆ ಸೊಂಟದ ಪಟ್ಟಿಯ ಕೆಳಗೆ ನಾಲ್ಕು ಇಂಚು ಉದ್ದ, ಮೂರು ಇಂಚು ಅಗಲದ ಜೇಬು, ಮೇಲೆ ಒಂದು ಟಿಚ್ ಬಟನ್. ಹತ್ತು ನಿಮಿಷದ ಕೆಲಸ.

ಹೆಣ್ಣುಮಕ್ಕಳಿಗೆ ಖಣದ ಪರಕಾರ ಪೋಲಕ, ಅಂದರೆ ಲಂಗ ರವಿಕೆ, ಹೊಲಿಸಿ. ಹಡಗಿನಲ್ಲಿ ಫಾರ್ಮಲ್ ರಾತ್ರಿ ಫೋಟೊಗ್ರಾಫರ್‌ಗಳು ಪರದೆ ಕಟ್ಟಿ ನಿಂತಿರುತ್ತಾರೆ, ಎಲ್ಲರ ಫೋಟೊ ತೆಗೆಯುತ್ತಾರೆ. ನಿಲ್ಲುವುದಕ್ಕೆ ದುಡ್ಡಿಲ್ಲ, ಪ್ರತಿ ಬೇಕೆಂದರೆ ಮಾತ್ರ ದುಡ್ಡು. ಹಾಗಾಗಿ ಸಂಕೋಚ ಇಲ್ಲದೆ ನಿಲ್ಲಿ. ಗಂಡುಮಕ್ಕಳಿಗೆ ಶರ್ಟು ಪ್ಯಾಂಟು ಸಾಕು.

ಇನ್ನು ಯಾವ ದಿನ ಏನು ಅನ್ನುವುದು. ಫಾರ್ಮಲ್ ನೈಟ್ ಹೆಚ್ಚಾಗಿ ಹಡಗು ಬಂದರಿಗೆ ಹೋಗದೆ ಇಡೀ ದಿನ ಸಮುದ್ರದಲ್ಲೇ ಇರುವ ದಿನ ಬರುತ್ತದೆ. ತಯಾರಾಗಲು ಪುರುಸೊತ್ತು ಇರಲಿ ಅಂತ. ಆ ದಿನದ ಉಡುಪು ಏನೆಂದು ಹಡಗಿನ ಆ್ಯಪ್‌ನಲ್ಲಿ ಅಥವಾ ಕೋಣೆಗೆ ಬರುವ ದಿನಚರಿ ಹಾಳೆಯಲ್ಲಿ ಇರುತ್ತದೆ. ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಉಳಿದ ರಾತ್ರಿಗಳು ‘ಸ್ಮಾರ್ಟ್ ಕ್ಯಾಶುವಲ್’. ಕಾಲರ್ ಇರುವ ಶರ್ಟು, ಪೂರ್ತಿ ಪ್ಯಾಂಟು, ಹೆಂಗಸರಿಗೆ ಚೂಡಿದಾರ್ ಅಥವಾ ಹಗುರ ಸೀರೆ. ಈಜುಡುಗೆ, ಬನಿಯನ್ ಥರದ್ದು ಊಟದ ಹಾಲ್‌ನಲ್ಲಿ ಬೇಡ. ಅಲಂಕಾರವೇ ಬೇಡ, ಸುಸ್ತಾಗಿದೆ ಅನಿಸಿದರೆ ಮೇಲಿನ ಡೆಕ್‌ನ ಬಫೆಗೆ ಹೋಗಿ. ಅಲ್ಲಿ ಸಾಧಾರಣ ಬಟ್ಟೆಯಲ್ಲೇ ಊಟ ಆಗುತ್ತದೆ.

ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ಸ್ಟೀಮರ್ ಕೂಡ ಬೇಡ. ಬೆಂಕಿಯ ಭಯಕ್ಕೆ ಹೆಚ್ಚಿನ ಹಡಗುಗಳಲ್ಲಿ ಇದಕ್ಕೆ ನಿಷೇಧ ಇದೆ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಕುನಾರ್ಡ್, ಪ್ರಿನ್ಸೆಸ್ ಹಡಗುಗಳಲ್ಲಿ ನಾವೇ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆ ಇರುತ್ತದೆ, ರಾಯಲ್ ಕೆರಿಬಿಯನ್‌ನಲ್ಲಿ ಇಲ್ಲ. ಅಲ್ಲಿ ದುಡ್ಡು ಕೊಟ್ಟು ಮಾಡಿಸಬೇಕು. ಅದಕ್ಕೇ ಊರಲ್ಲೇ ನಿರಿಗೆ ಹಿಡಿದು, ಇಸ್ತ್ರಿ ಮಾಡಿ, ಪೆಟ್ಟಿಗೆಯಂತೆ ಚೌಕವಾಗಿ ಮಡಚುವ ಬಾಕ್ಸ್ ಫೋಲ್ಡಿಂಗ್ ಮಾಡಿಸಿಕೊಂಡು ಹೋಗಿ. ಮದುವೆಗೆ ಸೀರೆ ಉಡಿಸುವವರು ಇದನ್ನು ಮಾಡಿಕೊಡುತ್ತಾರೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಚೀಲದ ಮೇಲ್ಭಾಗದಲ್ಲಿಡಿ. ಕೋಟನ್ನು ಒಳಮೈ ಹೊರಗೆ ಮಾಡಿ, ಭುಜದೊಳಗೆ ಭುಜ ಸೇರಿಸಿ ಮಡಚಿ. ಸುಕ್ಕಾದರೆ ಬಾತ್‌ರೂಮ್‌ನಲ್ಲಿ ತೂಗುಹಾಕಿ, ಬಿಸಿನೀರು ಬಿಟ್ಟು ಬಾಗಿಲು ಮುಚ್ಚಿ ಹದಿನೈದು ನಿಮಿಷ ಬಿಡಿ. ಕೋಣೆಯ ಗೋಡೆಗಳು ಹೆಚ್ಚಾಗಿ ಉಕ್ಕಿನವು, ಆಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಬಟ್ಟೆ ತೂಗುಹಾಕಲು ಅನುಕೂಲ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ ಬಿಡುತ್ತಾರೆ ಅನ್ನುವುದೂ ನೆನಪಿರಲಿ. ಎರಡು ಫಾರ್ಮಲ್ ರಾತ್ರಿ ಇದ್ದರೂ ಕೋಟು ಒಂದೇ ಸಾಕು, ಒಳಗಿನ ಶರ್ಟು ಬದಲಾಯಿಸಿ.

ಊಟದ ಮೇಜಿನ ಹೆದರಿಕೆ ಬಹಳ ಜನರಿಗೆ ಇದೆ. ತಟ್ಟೆಯ ಎರಡೂ ಕಡೆ ಸಾಲಾಗಿ ಚಮಚ, ಫೋರ್ಕ್, ಚಾಕು ಇಟ್ಟಿರುತ್ತಾರೆ. ಹೊರಗಿನಿಂದ ಒಳಗೆ ಒಂದೊಂದೇ ಬಳಸುತ್ತ ಬನ್ನಿ, ಅಷ್ಟೇ. ಎಡಗಡೆಯ ಸಣ್ಣ ತಟ್ಟೆ ಬ್ರೆಡ್‌ಗೆ, ಬಲಗಡೆಯ ಗ್ಲಾಸು ನಿಮ್ಮದು. ಮೇಜಿನ ನ್ಯಾಪ್‌ಕಿನ್ ತೊಡೆಯ ಮೇಲೆ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ತಿಳಿಸಿ, ಮೊದಲ ರಾತ್ರಿ ಹೆಡ್ ವೇಟರ್‌ಗೆ ಇನ್ನೊಮ್ಮೆ ಹೇಳಿ. ಭಾರತೀಯ ಅಡುಗೆ ಬೇಕೆಂದರೆ ಮರುದಿನದ್ದನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳುತ್ತಾರೆ. ರೊಟ್ಟಿ, ಪಲ್ಯ ಬಂದರೆ ಕೈಯಲ್ಲೇ ತಿನ್ನಿ. ರೇಷ್ಮೆ ಸೀರೆ ಉಟ್ಟು ಕೈಯಲ್ಲಿ ಊಟ ಮಾಡುವುದರಲ್ಲಿ ಯಾವ ಕೊರತೆಯೂ ಇಲ್ಲ. ಕ್ಯಾಪ್ಟನ್ ಸ್ವಾಗತ ಕೂಟದಲ್ಲಿ ವೈನ್ ಹಿಡಿದು ಬಂದರೆ ಜ್ಯೂಸ್ ಕೇಳಿ, ಕೊಡುತ್ತಾರೆ.

ಕೊನೆಗೆ ಚೀಲದ ಮಾತು. ಬಂದರಿನಲ್ಲಿ ದೊಡ್ಡ ಚೀಲ ತೆಗೆದುಕೊಂಡು ಬಿಡುತ್ತಾರೆ, ಕೋಣೆಗೆ ಬರುವಷ್ಟರಲ್ಲಿ ಸಂಜೆಯಾಗಬಹುದು. ಮೊದಲ ರಾತ್ರಿಯ ಬಟ್ಟೆ, ಔಷಧಿ, ಪಾಸ್‌ಪೋರ್ಟ್, ಬಂಗಾರ ಕೈಚೀಲದಲ್ಲಿರಲಿ. ಕೊನೆಯ ರಾತ್ರಿ ಚೀಲಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ. ಹಳೆಯ ಕಾಲದ ಅಟ್ಲಾಂಟಿಕ್ ಹಡಗುಗಳಲ್ಲೂ ಮೊದಲ ಮತ್ತು ಕೊನೆಯ ರಾತ್ರಿ ಯಾರೂ ಅಲಂಕಾರ ಮಾಡಿಕೊಳ್ಳುತ್ತಿರಲಿಲ್ಲ, ಬಟ್ಟೆ ಪೆಟ್ಟಿಗೆಯಲ್ಲಿ ಇರುತ್ತಿತ್ತು. ನೀವು ಮಾತ್ರ ಸೀರೆ, ಕೋಟು ಮಡಚಿಡುವ ಭರದಲ್ಲಿ ಮರುದಿನ ಬೆಳಗ್ಗೆ ಇಳಿಯುವಾಗ ಹಾಕುವ ಬಟ್ಟೆಯನ್ನೂ ಒಳಗೆ ತುಂಬಬೇಡಿ. ಮೊದಲು ಅದನ್ನು ತೆಗೆದು ಹಾಸಿಗೆಯ ಮೇಲಿಟ್ಟು, ಚಪ್ಪಲಿ ಪಕ್ಕಕ್ಕಿಟ್ಟು, ಆಮೇಲೆ ಚೀಲದ ಚೈನ್ ಎಳೆಯಿರಿ.