ಹಾಲ್ ಆಫ್ ಫೇಮ್ ಲೆಕ್ಕ: ನಾನು ಹಾಕುವ ಬಗೆ

ಶ್ರೇಷ್ಠ ಆಟಗಾರರನ್ನು ಮತ ಹಾಕಿ ಸೇರಿಸಿಕೊಳ್ಳುವ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಬಗ್ಗೆ ವಾದಕ್ಕೆ ಕೂರುವ ಮುಂಚೆ ಎಕ್ಸೆಲ್‌ನಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಸಾಲು ಹಾಕಿಕೊಳ್ಳುತ್ತೇನೆ. ಕಾಲಂ ಐದು: ವೃತ್ತಿಜೀವನದ ಒಟ್ಟು ವಾರ್, ಅತ್ಯುತ್ತಮ ಏಳು ವರ್ಷಗಳ ವಾರ್, ಬ್ಯಾಲಟ್‌ನಲ್ಲಿ ಎಷ್ಟನೇ ವರ್ಷ, ಕಳೆದ ಸಲ ಬಿದ್ದ ಮತ, ಇನ್ನೆಷ್ಟು ಮತ ಬೇಕು. ಜನ ಕಚ್ಚಾಡುವುದು ಮೊದಲೆರಡರ ಮೇಲೆ. ತೀರ್ಮಾನ ಆಗುವುದು ಕೊನೆಯ ಮೂರರಲ್ಲಿ.

ವಾರ್ ಅಂದರೆ, ಅಗ್ಗಕ್ಕೆ ಸಿಗುವ ಬದಲಿ ಆಟಗಾರನಿಗಿಂತ ಇವನಿಂದ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ಬಂತು ಎಂಬ ಅಂದಾಜು. ಎರಡು ವಾರ್‌ಗಳನ್ನೂ ಕೂಡಿ ಅರ್ಧ ಮಾಡಿದರೆ ಜೇ ಜಾಫಿ ರೂಪಿಸಿದ ‘ಜಾಸ್’ ಎಂಬ ಅಳತೆ. ಅದನ್ನು ಅದೇ ಜಾಗದಲ್ಲಿ ಆಡಿ ಈಗಾಗಲೇ ಒಳಗಿರುವವರ ಸರಾಸರಿಯ ಪಕ್ಕ ಇಡಬೇಕು. ಇಲ್ಲಿ ಎಡವುವುದು ಒಬ್ಬನಿಗೆ ಬೇಸ್‌ಬಾಲ್ ರೆಫರೆನ್ಸ್ ಅಂಕಿ, ಇನ್ನೊಬ್ಬನಿಗೆ ಫ್ಯಾನ್‌ಗ್ರಾಫ್ಸ್ ಅಂಕಿ ಹಿಡಿದಾಗ; ಎರಡೂ ವಾರ್ ಲೆಕ್ಕ ಹಾಕುವ ಬೇರೆ ಬೇರೆ ಜಾಲತಾಣಗಳು. ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಬಸ್ಟರ್ ಪೋಸಿ ಮೊದಲನೆಯದರಲ್ಲಿ 45ರ ಆಸುಪಾಸಿನಲ್ಲಿದ್ದಾನೆ, ಎರಡನೆಯದರಲ್ಲಿ 57 ದಾಟುತ್ತಾನೆ. ಅಂಚಿಗೆ ಬಂದ ಚೆಂಡನ್ನು ಅಂಪೈರ್ ಕಣ್ಣಿಗೆ ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಕೆಯಾಗುವ ಎಸೆತ) ಅನ್ನಿಸುವಂತೆ ಹಿಡಿಯುವ ಕಲೆಗೆ ಫ್ರೇಮಿಂಗ್ ಅನ್ನುತ್ತಾರೆ. ಫ್ಯಾನ್‌ಗ್ರಾಫ್ಸ್ ಅದನ್ನೂ ಎಣಿಸುತ್ತದೆ. ಯಾವ ಮೂಲವಾದರೂ ಸರಿ, ಹಾಳೆ ಪೂರ್ತಿ ಒಂದೇ ಇರಲಿ.

ಇನ್ನು ಮತ. ಮತ ಹಾಕುವ ಬೇಸ್‌ಬಾಲ್ ಬರಹಗಾರರ ಸಂಘದ ಒಬ್ಬ ಸದಸ್ಯ ಹೆಚ್ಚೆಂದರೆ 10 ಹೆಸರು ಬರೆಯಬಹುದು. ಶೇ. 75 ಬಂದರೆ ಒಳಗೆ, ಶೇ. 5 ಮುಟ್ಟದಿದ್ದರೆ ಪಟ್ಟಿಯಿಂದಲೇ ಹೊರಗೆ. ನಡುವೆ ಉಳಿದವರಿಗೆ ಒಟ್ಟು ಹತ್ತು ವರ್ಷ. ನಾನು ಶೇಕಡಾವಾರು ಬಿಟ್ಟು ತಲೆ ಎಣಿಸುತ್ತೇನೆ. 2024ರಲ್ಲಿ 385 ಬ್ಯಾಲಟ್ ಬಂದವು. ಅದರ ಮುಕ್ಕಾಲು 288.75, ಅಂದರೆ ಬೇಕಾದದ್ದು 289. ಬಿಲ್ಲಿ ವ್ಯಾಗ್ನರ್‌ಗೆ ಸಿಕ್ಕಿದ್ದು 284. ‘73.8’ ಅಂದರೆ ದೂರ ಅನ್ನಿಸುತ್ತದೆ. ‘ಐದು ಜನ’ ಅಂದಾಗ ಮುಂದಿನ ವರ್ಷದ ಕಥೆ ಅಲ್ಲೇ ಗೊತ್ತಾಗುತ್ತದೆ. 2025ರಲ್ಲಿ, ಹತ್ತನೇ ಹಾಗೂ ಕೊನೆಯ ಸಲ, ಶೇ. 82.5ರೊಂದಿಗೆ ಒಳಗೆ ಹೋದ. ಹಾಗಂತ ಹತ್ತನೇ ವರ್ಷ ಎಲ್ಲರ ಕೈಹಿಡಿಯುವುದಿಲ್ಲ. ಲ್ಯಾರಿ ವಾಕರ್ 54.6ರಿಂದ 76.6ಕ್ಕೆ ಹಾರಿದ, ಕರ್ಟ್ ಶಿಲ್ಲಿಂಗ್ 71.1ರಿಂದ 58.6ಕ್ಕೆ ಬಿದ್ದ.

ಫಲಿತಾಂಶಕ್ಕೆ ಮುಂಚೆ ಅನೇಕರು ತಮ್ಮ ಬ್ಯಾಲಟ್ ಬಹಿರಂಗ ಮಾಡುತ್ತಾರೆ, ರಯಾನ್ ತಿಬೊಡೊ ಶುರುಮಾಡಿದ ಟ್ರ್ಯಾಕರ್ ಅವನ್ನು ಕೂಡುತ್ತಾ ಹೋಗುತ್ತದೆ. ಅಲ್ಲಿ 80 ಕಂಡೊಡನೆ ಪಟಾಕಿ ಹಚ್ಚಬೇಡಿ. ಉದಾಹರಣೆಗೆ ಒಟ್ಟು 390 ಬ್ಯಾಲಟ್ ಅಂತಿಟ್ಟುಕೊಳ್ಳಿ, ಬಹಿರಂಗವಾದದ್ದು 200. ಅದರಲ್ಲಿ 160 ಮತ. ಬೇಕಾದದ್ದು 293, ಉಳಿದ 190ರಲ್ಲಿ 133 ಬರಬೇಕು, ಅಂದರೆ ಶೇ. 70. ಬ್ಯಾಲಟ್ ಮುಚ್ಚಿಡುವವರು ಸಾಮಾನ್ಯವಾಗಿ ಕೈಬಿಗಿ. 70 ಅವರಿಂದ ಸುಲಭದ ಮಾತಲ್ಲ. ನಾನು ಹೆಚ್ಚು ನಂಬುವುದು ನಿವ್ವಳ ಏರಿಕೆಯನ್ನು: ಕಳೆದ ಸಲ ‘ಇಲ್ಲ’ ಎಂದ ಅದೇ ಮನುಷ್ಯ ಈ ಸಲ ‘ಹೌದು’ ಎಂದದ್ದು ಎಷ್ಟು, ಕೈಬಿಟ್ಟದ್ದು ಎಷ್ಟು.

ಹಾಳೆಯಲ್ಲಿ ಕೂರದ ಒಂದು ಸಂಗತಿ ಇದೆ, ನೂಕುನುಗ್ಗಲು. ಯೋಹಾನ್ ಸಾಂಟಾನಾಗೆ ಎರಡು ಸೈ ಯಂಗ್ ಪ್ರಶಸ್ತಿ (ವರ್ಷದ ಅತ್ಯುತ್ತಮ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ ಕೊಡುವುದು), 2004 ಮತ್ತು 2006ರಲ್ಲಿ. ಅವನು ಬ್ಯಾಲಟ್‌ಗೆ ಬಂದ 2018ರಲ್ಲಿ ಚಿಪ್ಪರ್ ಜೋನ್ಸ್, ಗೆರೆರೊ, ಟೋಮಿ, ಹಾಫ್‌ಮನ್ ನಾಲ್ವರೂ ಗೆದ್ದರು. ಬಾಂಡ್ಸ್, ಕ್ಲೆಮೆನ್ಸ್, ಮುಸಿನಾ ಕೂಡ ಸಾಲಿನಲ್ಲಿದ್ದರು. ಹತ್ತು ಹೆಸರಿನ ಚೀಟಿಯಲ್ಲಿ ಜಾಗವೇ ಇಲ್ಲ. ಸಾಂಟಾನಾಗೆ ಶೇ. 2.4 ಬಂತು, ಒಂದೇ ವರ್ಷಕ್ಕೆ ಆಚೆ. ಹೆಚ್ಚುಕಮ್ಮಿ ಅಷ್ಟೇ ವಾರ್ ಇರುವ, ಒಂದೇ ಸೈ ಯಂಗ್ ಗೆದ್ದ ಫೆಲಿಕ್ಸ್ ಹೆರ್ನಾಂಡೆಸ್‌ಗೆ ಅಷ್ಟು ನೂಕುನುಗ್ಗಲಿಲ್ಲದ 2025ರ ಬ್ಯಾಲಟ್‌ನಲ್ಲಿ ಮೊದಲ ಸಲವೇ 20.6.

ಬೇರೆ ಬೇರೆ ಅಳತೆಯ ಅಂಕಿಗಳನ್ನು ಪಕ್ಕಪಕ್ಕ ಇಡುವ ರೋಗ ಆಫ್‌ಸೀಸನ್ ಕರಾರುಗಳಲ್ಲೂ ಇದೆ. ಒಹ್ತಾನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್, ಸೊಟೊಗೆ 15 ವರ್ಷಕ್ಕೆ 76.5 ಕೋಟಿ. ವರ್ಷಕ್ಕೆ 7 ಕೋಟಿ ಮತ್ತು 5.1 ಕೋಟಿ ಅಂತ ಜನ ಹೋಲಿಸುತ್ತಾರೆ. ಆದರೆ ಒಹ್ತಾನಿಯ 68 ಕೋಟಿ ಮುಂದಕ್ಕೆ ಹಾಕಿದ ಹಣ. ಐಷಾರಾಮಿ ತೆರಿಗೆಯ (ತಂಡದ ಒಟ್ಟು ಸಂಬಳ ಮಿತಿ ದಾಟಿದರೆ ಬೀಳುವುದು) ಲೆಕ್ಕಕ್ಕೆ ವರ್ಷಕ್ಕೆ ಸುಮಾರು 4.6 ಕೋಟಿ ಮಾತ್ರ.

ಚಿಕ್ಕ ಕರಾರುಗಳನ್ನು ನಾನು ಬೇರೆ ಕಾರಣಕ್ಕೆ ಗಮನಿಸುತ್ತೇನೆ. ಆಟ ನಿಲ್ಲಿಸಿ ಐದು ವರ್ಷ ಕಳೆಯದೆ ಬ್ಯಾಲಟ್ ಇಲ್ಲ. ಜಸ್ಟಿನ್ ವೆರ್‌ಲ್ಯಾಂಡರ್ 2024ಕ್ಕೆ ಮುಗಿಸಿದ್ದರೆ 2030ಕ್ಕೆ ಬರುತ್ತಿದ್ದ. 2025ಕ್ಕೆ ಜೈಂಟ್ಸ್ ಜೊತೆ 1.5 ಕೋಟಿಗೆ ಒಂದು ವರ್ಷದ ಕರಾರು ಮಾಡಿದ, ಆಗಲೇ ಅದು ಬೇಗ ಅಂದರೂ 2031ಕ್ಕೆ ಹೋಯಿತು. ಅವನಿಗೆ ಇದರಿಂದ ಏನೂ ನಷ್ಟವಿಲ್ಲ. 2030ರಲ್ಲಿ ಶೇ. 5ರ ಗೆರೆಯ ಮೇಲೆ ತೂಗಾಡುವ ಯಾವನೋ ಒಬ್ಬನಿಗೆ ಚೀಟಿಯಲ್ಲಿ ಒಂದು ಸಾಲು ಖಾಲಿಯಾಯಿತು.