ಗೀಸರ್ ರಿಪೇರಿಯವನು ತೋರಿಸಿಕೊಟ್ಟ ಸುಣ್ಣ

ನಮ್ಮ ಮನೆಗೆ ಬಿಸಿಲೇ ಬೀಳುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟು, ಬಾಲ್ಕನಿಯ ಎದುರಿಗೇ ಪಕ್ಕದ ಕಟ್ಟಡದ ಗೋಡೆ. ತುಳಸಿ ಕೂಡ ಸೊರಗಿಹೋಗಿತ್ತು. ಹಾಗಾಗಿ ಮಣ್ಣೂ ಬೇಡ, ಬಿಸಿಲೂ ಬೇಡ ಎಂದು ಒಳಕೋಣೆಯಲ್ಲಿ ಲೆಟ್ಯೂಸ್ ಬೆಳೆಯಲು ಹೊರಟೆ.

ಪಂಪು ಗಿಂಪಿನ ರಗಳೆ ಇರಬಾರದೆಂದು ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಹೆಸರಿನ ವಿಧಾನ ಹಿಡಿದೆ. ಮೀನಿನ ಅಂಗಡಿಯಿಂದ ತಂದ ಥರ್ಮಾಕೋಲ್ ಪೆಟ್ಟಿಗೆ, ಮುಚ್ಚಳದಲ್ಲಿ ಆರು ತೂತು, ತೂತಿಗೊಂದು ನೆಟ್ ಪಾಟ್ (ಜಾಲರಿಯ ಪುಟ್ಟ ಕುಂಡ), ಅದರಲ್ಲಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಪೆಟ್ಟಿಗೆಯಲ್ಲಿ ಗೊಬ್ಬರ ಕರಗಿಸಿದ ನೀರು. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಖಾಲಿಯಾದ ಜಾಗದಲ್ಲಿ ಮೇಲಿನ ಬೇರು ಉಸಿರಾಡುತ್ತದೆ. ಮೊದಲ ಸಲ ನಾನು ಮನೆಗೆ ಬಂದ ನೆಂಟರಿಗೆ ಬಡಿಸಿದ ಹಾಗೆ ದಿನಾ ತುಂಬಿಸಿಟ್ಟೆ. ಗಾಳಿಗೆ ಒಗ್ಗಿದ್ದ ಬೇರು ಮುಳುಗಿ, ಕಂದಾಗಿ, ಲೋಳೆಯಾಗಿ ನಾತ ಹೊಡೆಯಿತು.

ಬೆಳಕಿಗೆ 20 ವ್ಯಾಟಿನ ಎರಡು ಬಿಳಿ ಎಲ್‌ಇಡಿ ಪಟ್ಟಿ, ಗಿಡದಿಂದ ಒಂದು ಗೇಣು ಮೇಲೆ, ದಿನಕ್ಕೆ 16 ಗಂಟೆ. ತಿಂಗಳಿಗೆ 19 ಯೂನಿಟ್ ಚಿಲ್ಲರೆ. ಅದಕ್ಕೂ ಮೊದಲು ನೇರಳೆ ದೀಪ ಹಾಕಿದ್ದೆ. ರಾತ್ರಿಯಿಡೀ ಕಿಟಕಿ ನೇರಳೆಯಾಗಿ ಹೊಳೆಯುವುದನ್ನು ಕಂಡು ಅಸೋಸಿಯೇಷನ್ನಿನವರು ಬಾಗಿಲು ತಟ್ಟಿದರು. ಫ್ಲ್ಯಾಟಿನೊಳಗೆ ಗಾಂಜಾ ಬೆಳೆದು ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಓದಿದ್ದರಂತೆ. ಒಳಗೆ ಕರೆದು ತೋರಿಸಿದೆ. "ಇಷ್ಟೆಲ್ಲ ಮಾಡಿ ಬೆಳೆದದ್ದು ಸೊಪ್ಪಾ?" ಅಂದು ಹೊರಟರು. ಆ ಮಾತು ಅನುಮಾನಕ್ಕಿಂತ ಹೆಚ್ಚು ಚುಚ್ಚಿತು.

ಎರಡನೇ ಬೆಳೆಯಲ್ಲಿ ಬೇರು ಬೆಳ್ಳಗೇ ಇತ್ತು, ಆದರೆ ಎಳೆಯ ಎಲೆಗಳು ಹಳದಿಗೆ ತಿರುಗಿದವು, ನರ ಮಾತ್ರ ಹಸಿರು. ಗೊಬ್ಬರ ಸಾಲದೇನೋ ಎಂದು ಇನ್ನಷ್ಟು ಸುರಿದೆ. ಎಲೆಯ ಅಂಚು ಸುಟ್ಟಿತು.

ಅದೇ ವಾರ ಗೀಸರ್ ಕೆಟ್ಟಿತ್ತು. ರಿಪೇರಿಗೆ ಬಂದ ಹುಡುಗ ಕಾಯಿಲ್ ಬಿಚ್ಚಿ ಕೈಗಿಟ್ಟ. ಬೆರಳು ದಪ್ಪ ಬಿಳಿ ಪದರ. "ಬೋರ್ ನೀರಲ್ವಾ ಮೇಡಂ? ಸುಣ್ಣ ನೋಡಿ, ಎಷ್ಟು ಕೂತಿದೆ." ನಾನು ಕಾಯಿಲನ್ನೂ ನೋಡಿದೆ, ಒಳಕೋಣೆಯ ಕಡೆಗೂ ನೋಡಿದೆ.

ನೀರನ್ನು ಅಳೆಯುವ ಮೀಟರ್ ಕೊಂಡೆ. ಇದನ್ನು ಮೊದಲ ದಿನವೇ ಕೊಳ್ಳಬೇಕಿತ್ತು, ದೀಪಕ್ಕೆ ಸುರಿದ ದುಡ್ಡಿನಲ್ಲಿ ಕಾಲುಭಾಗ ಸಾಕಿತ್ತು. ಲೆಟ್ಯೂಸಿಗೆ ಗೊಬ್ಬರ ಬೆರೆಸಿದ ಮೇಲೆ ಇಸಿ, ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ, 1.2ರಿಂದ 1.6 ಇದ್ದರೆ ಚೆನ್ನ. ನಮ್ಮ ನಲ್ಲಿ ನೀರು ಬರಿದೇ 1.4 ತೋರಿಸಿತು. ಅಂದರೆ ಗಿಡದ ತಟ್ಟೆ ನಾನು ಬಡಿಸುವ ಮೊದಲೇ ತುಂಬಿತ್ತು, ಅದೂ ಬೇಡದ್ದರಿಂದ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರೊಳಗೆ ಇರಬೇಕು. ಫಾಸ್ಫರಿಕ್ ಆಸಿಡ್ ಹನಿ ಹಾಕಿ 6ಕ್ಕೆ ಇಳಿಸಿದರೆ ಎರಡು ದಿನದಲ್ಲಿ ಮತ್ತೆ 7.5. ಗೀಸರಿನಲ್ಲಿ ಸುಣ್ಣ ಕೂರಿಸಿದ ಅದೇ ಬೋರ್ ನೀರಿನ ಬೈಕಾರ್ಬೊನೇಟ್ ಪಿಎಚ್ಚನ್ನು ಮೇಲಕ್ಕೆಳೆಯುತ್ತಿತ್ತು. ಅಷ್ಟು ಪಿಎಚ್‌ನಲ್ಲಿ ಕಬ್ಬಿಣ ಎದುರಿಗಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆಯ ಹಳದಿ ಅದರದ್ದು. ಸಾರಜನಕದ ಕೊರತೆಯಾಗಿದ್ದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತಿತ್ತು.

ಆಮೇಲೆ ಟೆರೇಸಿನ ಮಳೆನೀರು ಹಿಡಿದೆ. ಮೊದಲ ಮಳೆಯ ಧೂಳು ನೀರು ಬಿಟ್ಟು, ಎರಡನೆಯದರಿಂದ ಡ್ರಮ್ಮಿಗೆ. ಮೂರು ಪಾಲು ಮಳೆನೀರಿಗೆ ಒಂದು ಪಾಲು ಬೋರ್ ನೀರು. ಬರೀ ಮಳೆನೀರಾದರೆ ಆಸಿಡ್ ಒಂದು ಹನಿ ಹೆಚ್ಚಾದರೂ ಪಿಎಚ್ ಧಡಕ್ಕನೆ ಇಳಿಯುತ್ತದೆ. ಈ ಗೊಬ್ಬರ ಎ ಮತ್ತು ಬಿ ಎಂದು ಎರಡು ಬಾಟಲಿಗಳಲ್ಲಿ ಬರುತ್ತದೆ, ಅವನ್ನು ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಒಂದರ ಕ್ಯಾಲ್ಸಿಯಂ, ಇನ್ನೊಂದರ ಸಲ್ಫೇಟ್ ಸೇರಿ ಜಿಪ್ಸಂ ಆಗಿ ತಳಕ್ಕೆ ಕೂರುತ್ತದೆ. ಒಂದನ್ನು ನೀರಿಗೆ ಹಾಕಿ ಚೆನ್ನಾಗಿ ಕಲಕಿದ ಮೇಲೆ ಇನ್ನೊಂದು.

ಆರು ವಾರಕ್ಕೆ ಆರೂ ಗಿಡ ಅಂಗೈಯಗಲದ ಎಲೆ ಕೊಟ್ಟವು. ಕೊತ್ತಂಬರಿ ಮಾತ್ರ ಇನ್ನೂ ಕೈಗೆ ಹತ್ತಿಲ್ಲ.

ಈಗ ಮಾರ್ಚ್. ಡ್ರಮ್ಮಿನ ತಳದಲ್ಲಿ ಗೇಣುದ್ದ ನೀರು ಉಳಿದಿದೆ. ದಿನಾ ಬೆಳಗ್ಗೆ ಇಣುಕಿ ನೋಡಿ, ಮೋಡ ಇದೆಯೇ ಎಂದು ಟೆರೇಸಿಗೂ ಒಂದು ಸಲ ಹೋಗಿಬರುತ್ತೇನೆ.