ರಜೆಗೆ ಮುಂಚೆ ನಾಯಿಯ ಮೂಗಿಗೆ ಹನಿ ಬೇಕಾ, ಬೇಡವಾ?

ರಾತ್ರಿ ಎರಡು ಗಂಟೆ. ಹಾಲ್‌ನಲ್ಲಿ ಯಾರೋ ಹಳೇ ಸ್ಕೂಟರ್‌ನ ಹಾರ್ನ್ ಒತ್ತಿದ ಹಾಗೆ ಸದ್ದು. ಎದ್ದು ಬಂದು ನೋಡಿದರೆ ನಮ್ಮ ನಾಯಿ ಬೆಲ್ಲ ಕತ್ತು ಮುಂದೆ ಚಾಚಿ, ಮುಂಗಾಲು ಅಗಲಿಸಿ ನಿಂತು ಕೆಮ್ಮುತ್ತಿದ್ದಾಳೆ. ಕೊನೆಗೆ ಓಕರಿಸಿ ಒಂದು ಚಮಚದಷ್ಟು ಬಿಳಿ ನೊರೆ ಕಕ್ಕಿದಳು. "ಮೂಳೆ ಸಿಕ್ಕಿಕೊಂಡಿದೆ ಕಣೋ" ಎಂದರು ಅಪ್ಪ. ನಾನು ಟಾರ್ಚ್ ಹಿಡಿದೆ, ಅವರು ಬಾಯೊಳಗೆ ಬೆರಳು ಹಾಕಿ ತಡಕಿದರು. ಏನೂ ಇಲ್ಲ. ಮೀನಿನ ಮುಳ್ಳು ಸಿಕ್ಕಿದಾಗ ಕೊಡುವ ಹಾಗೆ ಅಮ್ಮ ಒಣ ಅನ್ನದ ಉಂಡೆ ಕಟ್ಟಿ ತಂದರು. ಬೆಲ್ಲ ಅದನ್ನು ಗುಳುಂ ಮಾಡಿ, ಇನ್ನೊಂದು ಕೊಡಿ ಅಂತ ಬಾಲ ಆಡಿಸಿ, ಮತ್ತೆ ಕೆಮ್ಮಿದಳು.

ನಾಲ್ಕು ದಿನ ಹಿಂದಷ್ಟೇ ಅವಳನ್ನು ಬೋರ್ಡಿಂಗ್‌ನಿಂದ ಕರೆತಂದಿದ್ದೆವು. ದಸರಾ ರಜೆಗೆ ಊರಿಗೆ ಹೋಗುವಾಗ ಅಲ್ಲಿ ಬಿಟ್ಟಿದ್ದೆವು. ಬೆಳಗ್ಗೆ ಡಾಕ್ಟರು ಅವಳ ಗಂಟಲ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದರು. ಅದೇ ಹಾರ್ನ್! "ಕೆನಲ್ ಕಾಫ್. ಕೆಸಿ ಲಸಿಕೆ ಹಾಕಿಸಿದ್ರಾ?" ಎಂದು ಕೇಳಿದರು. ಕೆಸಿ ಅಂದರೆ ಕೆನಲ್ ಕಾಫ್, ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು. ಅದಕ್ಕೊಂದು ಲಸಿಕೆ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ಈಗ ರಜೆಯ ಸೀಸನ್ ಬಂತೆಂದರೆ ಪರಿಚಯದವರು ನನಗೆ ಫೋನ್ ಮಾಡಿ ಇದನ್ನೇ ಕೇಳುತ್ತಾರೆ: ಕೆಸಿ ಹಾಕಿಸಬೇಕಾ? ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಉತ್ತರ ಕಂಡುಕೊಳ್ಳುವ ದಾರಿ ಇದೆ.

ಮೊದಲು ಕಾಯಿಲೆ ಏನು ಅಂತ ತಿಳಿಯಿರಿ

ಕನ್ನಡದಲ್ಲಿ ನಾಯಿಕೆಮ್ಮು ಅಂದರೆ ಮಕ್ಕಳಿಗೆ ಬರುವ ಕಾಯಿಲೆ. ನಾಯಿಗೇ ಬರುವ ಕೆಮ್ಮಿಗೆ ಪಾಪ ಹೆಸರಿಲ್ಲ, ಇಂಗ್ಲಿಷಿನ ಹೆಸರನ್ನೇ ಬಳಸುತ್ತೇವೆ. ತಮಾಷೆ ಅಂದರೆ ಇವೆರಡೂ ದಾಯಾದಿಗಳು. ಮಕ್ಕಳ ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು 1906ರಲ್ಲಿ ಗುರುತಿಸಿದ ಇಬ್ಬರಲ್ಲಿ ಬೆಲ್ಜಿಯಂನ ಜೂಲ್ ಬೋರ್ಡೆ ಒಬ್ಬರು. ಅವರ ಹೆಸರಿನಿಂದಲೇ ಆ ಗುಂಪಿಗೆ ಬೋರ್ಡೆಟೆಲ್ಲಾ ಎಂಬ ಹೆಸರು ಬಂತು. ನಾಯಿಗಳನ್ನು ಕೆಮ್ಮಿಸುವುದು ಅದೇ ಗುಂಪಿನ ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ. ಉಸಿರುನಾಳದ ಒಳಗೋಡೆಯಲ್ಲಿ ಕಸ ಗುಡಿಸುವ ಸಣ್ಣ ಸಣ್ಣ ಎಳೆಗಳಿರುತ್ತವೆ. ಇದು ಅವಕ್ಕೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸಿಬಿಡುತ್ತದೆ.

ಆದರೆ ಆರೋಪಿ ಇದೊಂದೇ ಅಲ್ಲ. ಪ್ಯಾರಾಇನ್‌ಫ್ಲುಯೆಂಜಾ, ಅಡಿನೋ ಎಂಬ ವೈರಸ್‌ಗಳು, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಹೀಗೆ ಹಲವು ಸೇರಿ ಮಾಡುವ ಕಿತಾಪತಿ ಇದು. ಅದಕ್ಕೇ ಲಸಿಕೆ ಹಾಕಿಸಿದ ನಾಯಿಯೂ ಕೆಮ್ಮಬಹುದು. ಕೆಮ್ಮಿನ ಜೋರು ಮತ್ತು ದಿನ ಕಡಿಮೆಯಾಗುತ್ತವೆ, ಲಸಿಕೆಯಿಂದ ಅಷ್ಟನ್ನು ನಿರೀಕ್ಷಿಸಿ.

ಗಟ್ಟಿಮುಟ್ಟಾದ ದೊಡ್ಡ ನಾಯಿಗೆ ಇದು ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಮರಿಗಳು, ಮುದಿ ನಾಯಿಗಳು, ಬೇರೆ ಕಾಯಿಲೆ ಇರುವವು, ಪಗ್‌ನಂಥ ಚಪ್ಪಟೆ ಮೂತಿಯವು ಇವುಗಳಲ್ಲಿ ನ್ಯುಮೋನಿಯಾಗೆ ತಿರುಗುವ ಭಯ ಇದೆ.

ಲಸಿಕೆ ಪುಸ್ತಕ ತೆಗೆಯಿರಿ

ಡ್ರಾಯರ್‌ನಲ್ಲಿ ಎಲ್ಲೋ ಇರುತ್ತದೆ, ಹುಡುಕಿ. ಸೀಸೆಯ ಸ್ಟಿಕ್ಕರ್ ಕಿತ್ತು ಅಂಟಿಸಿ ಪಕ್ಕದಲ್ಲಿ ದಿನಾಂಕ ಬರೆದಿರುತ್ತಾರೆ. ಎರಡು ವಿಷಯ ನೋಡಿ. ರೇಬೀಸ್ ಈ ವರ್ಷದ್ದು ಆಗಿದೆಯಾ? ಡಿಸ್ಟೆಂಪರ್, ಪಾರ್ವೊ ಎಂಬ ವೈರಸ್ ಕಾಯಿಲೆಗಳನ್ನು ತಡೆಯುವ ಸಂಯುಕ್ತ ಲಸಿಕೆ, ಅಂದರೆ ಕ್ಲಿನಿಕ್‌ನಲ್ಲಿ ಸೆವೆನ್ ಇನ್ ಒನ್, ನೈನ್ ಇನ್ ಒನ್ ಅನ್ನುವುದು, ಆಗಿದೆಯಾ? ಇವೆರಡರಲ್ಲಿ ಯಾವುದು ಬಾಕಿ ಇದ್ದರೂ ಕೆಸಿಯ ಯೋಚನೆ ಪಕ್ಕಕ್ಕಿಟ್ಟು ಅದನ್ನು ಮುಗಿಸಿ. ರೇಬೀಸ್ ಬಂದರೆ ನಾಯಿಯೂ ಉಳಿಯುವುದಿಲ್ಲ, ಅದು ಕಚ್ಚಿದ ಮೇಲೆ ತಕ್ಷಣ ಲಸಿಕೆ ಹಾಕಿಸಿಕೊಳ್ಳದೆ ರೋಗಕ್ಕೆ ತುತ್ತಾದ ಮನುಷ್ಯನೂ ಉಳಿಯುವುದು ಕಷ್ಟ. ಪಾರ್ವೊ ಮರಿಗಳನ್ನು ಎರಡು ಮೂರು ದಿನದಲ್ಲಿ ಕೊಂಡೊಯ್ಯಬಹುದು. ಇವು ಬೇಕೇ ಬೇಕು. ಕೆಸಿ ಮಾತ್ರ ಯೋಚಿಸಿ ಹಾಕಿಸುವಂಥದ್ದು. ಲಸಿಕೆಗಳ ಬಗ್ಗೆ ಜಗತ್ತಿನ ಪಶುವೈದ್ಯರ ಮಾರ್ಗಸೂಚಿಗಳೂ ಇದನ್ನು ಎಲ್ಲ ನಾಯಿಗೂ ಕಡ್ಡಾಯ ಎಂದು ಹೇಳುವುದಿಲ್ಲ.

"ನೈನ್ ಇನ್ ಒನ್‌ನಲ್ಲೇ ಕೆಮ್ಮಿನದೂ ಇದೆಯಲ್ವಾ?" ಅಂತ ಕೆಲವರು ಕೇಳುತ್ತಾರೆ. ಅರ್ಧ ನಿಜ. ಪ್ಯಾರಾಇನ್‌ಫ್ಲುಯೆಂಜಾ, ಅಡಿನೋವೈರಸ್ ಸಾಮಾನ್ಯವಾಗಿ ಅದರಲ್ಲಿ ಇರುತ್ತವೆ. ಬೋರ್ಡೆಟೆಲ್ಲಾ ಇರುವುದಿಲ್ಲ.

ಮೂಗುಗಳನ್ನು ಎಣಿಸಿ

ನನ್ನ ಮಟ್ಟಿಗೆ ಇಡೀ ವಿಷಯ ನಿಂತಿರುವುದು ಇಲ್ಲಿ. ಲಸಿಕೆ ಒಳ್ಳೆಯದೋ ಕೆಟ್ಟದೋ ಅಂತ ತಲೆ ಕೆಡಿಸಿಕೊಳ್ಳುವ ಬದಲು, ನಿಮ್ಮ ನಾಯಿ ಮುಂದಿನ ಒಂದು ವರ್ಷದಲ್ಲಿ ಎಷ್ಟು ಹೊಸ ಮೂಗುಗಳನ್ನು ಮೂಸುತ್ತದೆ ಅಂತ ಎಣಿಸಿ. ಈ ಕಾಯಿಲೆ ಹರಡುವುದು ಕೆಮ್ಮಿನ ಹನಿಯಿಂದ, ಒಂದೇ ನೀರಿನ ಬಟ್ಟಲಿನಿಂದ, ಬಾಯಿಂದ ಬಾಯಿಗೆ ಹೋಗುವ ಚೆಂಡಿನಿಂದ, ನೋಡಿಕೊಳ್ಳುವವರ ಕೈಯಿಂದ. ಕೆಮ್ಮು ನಿಂತ ನಾಯಿಯೂ ವಾರಗಟ್ಟಲೆ ರೋಗಾಣು ಬಿಡುತ್ತಿರಬಹುದು. ಹಾಗಾಗಿ "ಅಲ್ಲಿ ಯಾವ ನಾಯಿಯೂ ಕೆಮ್ಮುತ್ತಿರಲಿಲ್ಲ" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಬೋರ್ಡಿಂಗ್, ಡೇ ಕೇರ್, ಡಾಗ್ ಶೋ, ಟ್ರೈನಿಂಗ್ ಕ್ಲಾಸ್, ತಿಂಗಳಿಗೊಮ್ಮೆ ಗ್ರೂಮಿಂಗ್, ಭಾನುವಾರ ಕಬ್ಬನ್ ಪಾರ್ಕ್‌ನ ನಾಯಿ ಸಂತೆ. ಇದರಲ್ಲಿ ಒಂದಿದ್ದರೂ ನಾನು ಹಾಕಿಸಿ ಅನ್ನುತ್ತೇನೆ. ಬೋರ್ಡಿಂಗ್ ಇದ್ದರಂತೂ ಯೋಚನೆಯೇ ಬೇಡ. ಗೋಡೆ, ಛಾವಣಿ, ಹತ್ತಾರು ನಾಯಿ, ಹೊಸ ಜಾಗದ ಆತಂಕ, ಕಡಿಮೆ ಗಾಳಿ: ರೋಗಕ್ಕೆ ಇನ್ನೇನು ಬೇಕು? ಎಷ್ಟೋ ಬೋರ್ಡಿಂಗ್‌ಗಳು ಕೆಸಿ ಇಲ್ಲದೆ ಒಳಗೇ ಬಿಡುವುದಿಲ್ಲ. ನಾವು ಬಿಟ್ಟಿದ್ದ ಕಡೆ ಕೇಳಿರಲಿಲ್ಲ. ಕೇಳದ ಜಾಗದಲ್ಲಿ ಪಕ್ಕದ ನಾಯಿಗೂ ಆಗಿರುವುದಿಲ್ಲ ಅಂತ ಹೊಳೆಯಬೇಕಿತ್ತು. ಅಮೆರಿಕದಲ್ಲಿರುವ ನಮ್ಮವರು ಇದನ್ನು ಬೋರ್ಡೆಟೆಲ್ಲಾ ಲಸಿಕೆ ಅಂತಲೇ ಕರೆಯುತ್ತಾರೆ. ಡೇ ಕೇರ್‌ಗಳು ಸಾಮಾನ್ಯವಾಗಿ ಕೇಳುವುದರಿಂದ ಅಲ್ಲಿ ಇದರ ಪರಿಚಯ ಜಾಸ್ತಿ.

ಇನ್ನೊಂದು ತುದಿ ನೋಡಿ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಕಾಯುವ ನಾಯಿ. ವರ್ಷಪೂರ್ತಿ ಅದೇ ಪಕ್ಕದ ಮನೆಯ ಎರಡು ನಾಯಿಗಳ ಜತೆ ಜಗಳ. ಅದಕ್ಕೆ ಕೆಸಿ ಏಕೆ? ಆ ದುಡ್ಡು ಉಣ್ಣಿ ಔಷಧಿಗೆ ಹೋಗಲಿ, ಇಲಿಜ್ವರದ ಲಸಿಕೆ ತಪ್ಪದಿರಲಿ. ಮಳೆ, ಕೆಸರು, ಇಲಿ ಇರುವ ಕಡೆ ಅದೇ ದೊಡ್ಡ ಶತ್ರು.

ಕಷ್ಟ ಇರುವುದು ನಡುವಿನವರಿಗೆ. ಅಪಾರ್ಟ್‌ಮೆಂಟ್‌ನಲ್ಲಿ ಲಿಫ್ಟ್‌ನೊಳಗೆ ದಿನಾ ನಾಲ್ಕು ನಾಯಿ ಸಿಗುತ್ತವೆ, ಬೋರ್ಡಿಂಗ್ ಇಲ್ಲ. ಇಲ್ಲಿ ನಾಯಿಯ ಮೈ ನೋಡಿ ತೀರ್ಮಾನಿಸಿ. ಮುದಿಯಾಗಿದ್ದರೆ, ಎದೆಯ ತೊಂದರೆ ಇದ್ದರೆ, ಪಗ್ ಅಥವಾ ಬುಲ್‌ಡಾಗ್ ಆಗಿದ್ದರೆ ಹಾಕಿಸುವ ಕಡೆಗೆ ವಾಲಿ. ಗಟ್ಟಿ ಮೈಯ ಮೂರು ವರ್ಷದ ನಾಟಿ ನಾಯಿಯಾಗಿದ್ದರೆ ಬಿಟ್ಟರೂ ಪರವಾಗಿಲ್ಲ.

ಹನಿಯೋ, ಸೂಜಿಯೋ? ತಾರೀಕಿನಿಂದ ಹಿಂದಕ್ಕೆ ಎಣಿಸಿ

ಮೂಗಿಗೆ ಬಿಡುವ ಹನಿ ಒಂದೇ ಸಲ ಸಾಕು. ಇದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ರೋಗಾಣು. ರೋಗ ಬರುವ ಬಾಗಿಲಲ್ಲೇ ಕಾವಲು ಹಾಕುವುದರಿಂದ ಬೋರ್ಡೆಟೆಲ್ಲಾ ವಿರುದ್ಧ ಮೂರರಿಂದ ಐದು ದಿನದಲ್ಲೇ ರಕ್ಷಣೆ ಶುರುವಾಗುತ್ತದೆ. ಪ್ಯಾರಾಇನ್‌ಫ್ಲುಯೆಂಜಾ ಭಾಗಕ್ಕೆ ಮೂರು ವಾರ ಬೇಕಾಗಬಹುದು. ಚುಚ್ಚುವ ಲಸಿಕೆ ಮೊದಲ ಸಲ ಹಾಕಿಸುವುದಾದರೆ ಎರಡು ಡೋಸ್, ನಡುವೆ ಎರಡರಿಂದ ನಾಲ್ಕು ವಾರ. ಎರಡಕ್ಕೂ ಸುಮಾರು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು.

ಅಂದರೆ ಊರಿಗೆ ಹೊರಡುವ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಹನಿಯಾದರೆ ಮೂರು ವಾರ ಹಿಂದೆ, ಸೂಜಿಯಾದರೆ ಐದಾರು ವಾರ ಹಿಂದೆ ಕ್ಲಿನಿಕ್‌ಗೆ ಹೋಗಿ. ಹೋಗುವ ಮುನ್ನ ಫೋನ್ ಮಾಡಿ ಸ್ಟಾಕ್ ಇದೆಯಾ, ಯಾವ ಬಗೆ, ಎಷ್ಟು ಬೆಲೆ ಕೇಳಿ. ಎಲ್ಲ ಕ್ಲಿನಿಕ್‌ಗಳೂ ಇದನ್ನು ಇಟ್ಟುಕೊಂಡಿರುವುದಿಲ್ಲ.

ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಬೇಕಾದ್ದು ಕೆಲವು ಇವೆ. ನಾಯಿಗೆ ಆ್ಯಂಟಿಬಯಾಟಿಕ್ ನಡೆಯುತ್ತಿದೆಯಾ? ಹಾಗಿದ್ದರೆ ಹನಿಯಲ್ಲಿರುವ ಬ್ಯಾಕ್ಟೀರಿಯಾ ಸತ್ತು, ಕೊಟ್ಟ ದುಡ್ಡು ನೀರಲ್ಲಿ ಹೋಮ. ಜ್ವರ, ಭೇದಿ ಇದ್ದರೆ ಮುಂದೂಡಿ. ಮನೆಯಲ್ಲಿ ಕಿಮೊಥೆರಪಿ ಮಾಡಿಸಿಕೊಳ್ಳುತ್ತಿರುವವರೋ ಅಂಗ ಕಸಿ ಆದವರೋ ಇದ್ದಾರಾ? ಹನಿ ಹಾಕಿದ ನಾಯಿ ಕೆಲವು ವಾರ ಆ ರೋಗಾಣುವನ್ನು ಹೊರಗೆ ಬಿಡುತ್ತಿರಬಹುದು, ಅಂಥ ಮನೆಗೆ ಸೂಜಿಯೇ ವಾಸಿ. ಮತ್ತೆ, ಹನಿ ಹಾಕುವ ಮುನ್ನ ಸಿರಿಂಜ್‌ನಿಂದ ಸೂಜಿ ತೆಗೆದಿದ್ದಾರಾ ಅಂತ ಒಮ್ಮೆ ಕಣ್ಣು ಹಾಯಿಸಿ. ಪುಡಿ ಕಲಸುವ ಸೀಸೆ ನೋಡಲು ಬೇರೆ ಲಸಿಕೆಯ ಹಾಗೆಯೇ ಇರುತ್ತದೆ. ಮೂಗಿನದನ್ನು ತಪ್ಪಿ ಚರ್ಮದಡಿ ಚುಚ್ಚಿದರೆ ಕೀವುಗಡ್ಡೆ ಆಗಬಹುದು, ಪಿತ್ತಜನಕಾಂಗಕ್ಕೂ, ಅಂದರೆ ಲಿವರ್‌ಗೂ ಪೆಟ್ಟು ಬೀಳಬಹುದು. ಕೇಳಲು ಸಂಕೋಚ ಬೇಡ.

ಹನಿ ಹಾಕಿದ ಮೇಲೆ ಎರಡು ಮೂರು ದಿನ ಸೀನು, ಮೂಗಲ್ಲಿ ನೀರು, ಸಣ್ಣ ಕೆಮ್ಮು ಬಂದರೆ ಗಾಬರಿ ಬೇಡ. ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ತಕ್ಷಣ ವಾಪಸ್ ಕರೆದೊಯ್ಯಿರಿ.

ಹಾಕಿಸದೆ ಇದ್ದು ಕೆಮ್ಮು ಬಂದರೆ

ಬೇರೆ ನಾಯಿಗಳಿಂದ ದೂರ ಇಡಿ. ಕತ್ತಿನ ಪಟ್ಟಿ ತೆಗೆದು ಎದೆಪಟ್ಟಿ ಹಾಕಿ, ಪಟ್ಟಿ ಎಳೆದಾಗಲೆಲ್ಲ ಕೆಮ್ಮು ಕೆರಳುತ್ತದೆ. ನಿಮ್ಮ ಮನೆಯ ಕೆಮ್ಮಿನ ಸಿರಪ್, ಜ್ವರದ ಮಾತ್ರೆ ದಯವಿಟ್ಟು ಕೊಡಬೇಡಿ. ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು. ಕ್ಲಿನಿಕ್‌ಗೆ ಹೋಗುವಾಗ ಮೊದಲೇ ಫೋನ್ ಮಾಡಿ, ಒಳಗೆ ಕರೆಯುವ ತನಕ ಹೊರಗೇ ನಿಲ್ಲಿ. ಕಾಯುವ ಬೆಂಚಿನ ಪಕ್ಕ ಯಾರದೋ ಮರಿ ಕೂತಿರುತ್ತದೆ.

ಊಟ ಬಿಟ್ಟರೆ, ಮಂಕಾದರೆ, ಹಳದಿ ಅಥವಾ ಹಸಿರು ಸಿಂಬಳ ಬಂದರೆ, ಜ್ವರ 103 ಡಿಗ್ರಿ ದಾಟಿದರೆ, ಮಲಗಿದಾಗಲೂ ನಿಮಿಷಕ್ಕೆ 40ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ ಮನೆಮದ್ದಿನ ಮಾತೇ ಬೇಡ. ಲಸಿಕೆ ಆಗದ ಮರಿ ಕೆಮ್ಮುತ್ತಾ ಕಣ್ಣಲ್ಲಿ ಪಿಸಿರು ಕಟ್ಟಿಕೊಂಡಿದ್ದರೆ ಅದು ಡಿಸ್ಟೆಂಪರ್ ಇರಬಹುದು, ಅವತ್ತೇ ಓಡಿ. ಪೊಮೆರೇನಿಯನ್ ತಿಂಗಳುಗಟ್ಟಲೆ ಹೀಗೇ ಹಾರ್ನ್ ಹೊಡೆಯುತ್ತಿದ್ದರೆ ಉಸಿರುನಾಳವೇ ಕುಸಿಯುತ್ತಿರಬಹುದು. ಕೆಸಿ ಲಸಿಕೆಯಿಂದ ಅದಕ್ಕೇನೂ ಆಗದು.

ಬೆಲ್ಲ ಹನ್ನೆರಡು ದಿನ ಕೆಮ್ಮಿ ಸುಮ್ಮನಾದಳು. ಮರುವರ್ಷ ಬೋರ್ಡಿಂಗ್‌ಗೆ ಮುಂಚೆ ಮೂಗಿಗೆ ಹನಿ ಹಾಕಿಸಿದೆವು. ಡಾಕ್ಟರು ಮೂತಿ ಮೇಲೆತ್ತಿ ಹಿಡಿದಿದ್ದರು, ನಾನು ಹಿಂದಿನಿಂದ ತಬ್ಬಿದ್ದೆ. ಹನಿ ಒಳಗೆ ಹೋದ ಮರುಕ್ಷಣ ಅವಳು ಸೀನಿದ್ದು ಡಾಕ್ಟರ ಕನ್ನಡಕದ ಮೇಲೆ.

ಈ ಸಲದ ರಜೆಗೆ ಅಪ್ಪ ಊರಿಗೆ ಬರುವುದಿಲ್ಲವಂತೆ. ಮಂಡಿನೋವು ಅನ್ನುತ್ತಾರೆ. ಅವರಿಗೆ ಬೆಲ್ಲಳನ್ನು ಬಿಟ್ಟಿರಲು ಆಗುವುದಿಲ್ಲ ಅಂತ ಅಮ್ಮ ಹೇಳುತ್ತಾಳೆ. ಬೆಳಗಿನ ವಾಕಿಂಗ್‌ನಲ್ಲಿ ಬೆಲ್ಲಳಿಗೆ ಸಿಗುವುದು ಬೀದಿಯ ಅದೇ ಎರಡು ಹಳೇ ಗೆಳೆಯರು. ಪುಸ್ತಕದಲ್ಲಿ ಕೆಸಿಯ ಜಾಗ ಈ ವರ್ಷ ಖಾಲಿ ಬಿಟ್ಟಿದ್ದೇವೆ.